ಪಾತಣ್ಣನ ಅಂಗಡಿಯ ಆಲೂಗಡ್ಡೆ

ತಿಪ್ಪೇರುದ್ರಮ್ಮ ಹುಟ್ಟಿದ ಹಟ್ಟಿಯಲ್ಲಾಗಲಿ, ಮದುವೆಯಾಗಿ ಬಂದ ಹಟ್ಟಿಯಲ್ಲಾಗಲಿ ಕೋಳಿ ಕೂಗಿ ಬೆಳಗಾದದ್ದಿಲ್ಲ. ಅವರ ಜನ ಕುರಿ ತಿನ್ನುತ್ತಾರೆ, ಮೇಕೆ ತಿನ್ನುತ್ತಾರೆ. ಕೋಳಿಯನ್ನು ಮಾತ್ರ ಸಾಕುವಂತಿಲ್ಲ, ತಿನ್ನುವಂತಿಲ್ಲ, ಹಟ್ಟಿಯ ಮುಳ್ಳುಬೇಲಿ ದಾಟಿಸುವಂತಿಲ್ಲ. ಯಾಕೆಂದರೆ ದೇವರಿಗೆ ಆಗುವುದಿಲ್ಲ ಎನ್ನುತ್ತಾರೆ. ಅದಕ್ಕಿಂತ ಮುಂದೆ ಯಾರೂ ಕೇಳಿದ್ದಿಲ್ಲ. ಕೋಳಿಯೇ ಇಲ್ಲದ ಮೇಲೆ ಮೊಟ್ಟೆಯ ಮಾತೆಲ್ಲಿಂದ ಬರಬೇಕು? ಅರವತ್ತು ದಾಟಿದರೂ ಆ ಪದ ಅವಳ ನಾಲಿಗೆಯ ಮೇಲೆ ಒಮ್ಮೆಯೂ ಹಾಯ್ದಿರಲಿಲ್ಲ.

ಅಂಥವಳು ಈಗ ಗಂಡನ ತಿಥಿಯ ಹಿಂದಿನ ಸಂಜೆ, ಸಿದ್ದಾಪುರದಾಚೆಯ ಅವನ ಹಟ್ಟಿಯಲ್ಲಿ ಗೋಡೆಗೊರಗಿ ಕೂತು, ನಾಳೆ ಎಡೆಯಲ್ಲಿ ಮೊಟ್ಟೆ ಇಡುವುದು ಹೇಗೆ ಎಂದು ಯೋಚಿಸುತ್ತಿದ್ದಳು. ಇಡೀ ಮೊಟ್ಟೆ, ಒಳಗಿನ ಹಳದಿಯ ಸಮೇತ.

ಗಂಡ ಓಬಯ್ಯ ಹಟ್ಟಿ ಬಿಟ್ಟು ಚಳ್ಳಕೆರೆಯಲ್ಲಿ ಮನೆ ಮಾಡಿ, ಅಲ್ಲಿನ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಮೂಟೆ ಹೊರುತ್ತಿದ್ದವನು. ಮೂಟೆ ಹೊತ್ತ ಬೆನ್ನು ಗಟ್ಟಿಯಾಗಿಯೇ ಇತ್ತು, ಕೈಕೊಟ್ಟದ್ದು ಮೂತ್ರಪಿಂಡ. ಮುಖ ಊದಿ, ಕಾಲು ಊದಿ, ಕೊನೆಗೆ ವಾರವಾರವೂ ಆಸ್ಪತ್ರೆಗೆ ಹೋಗಿ ಮಷೀನಿನಲ್ಲಿ ರಕ್ತ ತೊಳೆಸುವ ಹಾಗಾಯಿತು. ಅಲ್ಲಿನ ಡಾಕ್ಟರಮ್ಮ ಬೇಡದ ಪದಾರ್ಥಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿದ್ದಳು: ಉಪ್ಪು ಕಡಿಮೆ, ನೀರು ಕಡಿಮೆ, ಎಳನೀರು ಬೇಡ, ಟೊಮೆಟೊ ಬೇಡ, ಆಲೂಗಡ್ಡೆಯನ್ನಂತೂ ಮುಟ್ಟಲೇಬೇಡಿ.

"ಇನ್ನು ಏನು ತಿನ್ಬೇಕ್ರೀ ನಾನು?" ಎಂದು ಓಬಯ್ಯ ಕೇಳಿದ.

"ಮೊಟ್ಟೆ ತಿನ್ನಿ. ದಿನಾ. ಬಿಳಿ ಭಾಗ ಮಾತ್ರ, ಹಳದಿ ಬೇಡ. ರಕ್ತ ತೊಳೆಯುವಾಗ ಮೈಯ ಶಕ್ತಿ ಎಲ್ಲ ಹೋಗುತ್ತೆ, ಅದನ್ನ ತುಂಬಬೇಕಲ್ಲ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮಾರನೆಯ ದಿನ ತಿಪ್ಪೇರುದ್ರಮ್ಮ ಬೀದಿ ಮೂಲೆಯ ಪಾತಣ್ಣನ ಅಂಗಡಿಗೆ ಹೋದಳು. ಇದ್ದ ಗಿರಾಕಿಗಳೆಲ್ಲ ಹೋಗುವವರೆಗೆ ಕಂಬದಂತೆ ನಿಂತಳು. ಆಮೇಲೆ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು, "ಅಣ್ಣ, ಬಿಳೇದು ಕೊಡು" ಅಂದಳು.

ಪಾತಣ್ಣ ಸಕ್ಕರೆ ತೋರಿಸಿದ. ಅಲ್ಲ. ಉಪ್ಪಿನ ಪ್ಯಾಕೆಟ್ ತೋರಿಸಿದ. ಅಲ್ಲ. ಸುಣ್ಣದ ಡಬ್ಬಿಗೆ ಕೈ ಹಾಕಿದವನು ನಿಲ್ಲಿಸಿ, ಅವಳನ್ನು ಸರಿಯಾಗಿ ನೋಡಿದ. ಅವಳು ಯಾವ ಹಟ್ಟಿಯವಳೆಂದು ಗೊತ್ತು, ಓಬಯ್ಯನ ತೋಳಿನ ಬ್ಯಾಂಡೇಜೂ ಕಂಡದ್ದೇ. ಹಳೆಯ ಪೇಪರಿನಲ್ಲಿ ಎರಡು ಮೊಟ್ಟೆ ಸುತ್ತಿ, ಅದರ ಮೇಲೊಂದು ಕೊತ್ತಂಬರಿ ಕಟ್ಟು ಇಟ್ಟುಕೊಟ್ಟ.

ಇನ್ನೊಂದು ದಿನ ಅವಳು ಹೋದಾಗ ಹಟ್ಟಿಯ ಕಡೆಯ ಒಬ್ಬ ಮನುಷ್ಯ ಅಲ್ಲೇ ನಿಂತು ಬೀಡಿ ಹಚ್ಚುತ್ತಿದ್ದ. ಅವಳ ಕಾಲು ಹಿಂದಕ್ಕೆ ಸರಿಯಿತು. ಪಾತಣ್ಣ ಒಳಗಿಂದಲೇ ಕೂಗಿದ: "ಬಾ ರುದ್ರಕ್ಕ, ನಿನ್ನ ಆಲೂಗಡ್ಡೆ ಎತ್ತಿಟ್ಟೀನಿ." ಪೇಪರಿನ ಪೊಟ್ಟಣ ಅವಳ ಚೀಲಕ್ಕೆ ಬಂತು. ಅಂದಿನಿಂದ ಅವರಿಬ್ಬರ ನಡುವೆ ಮೊಟ್ಟೆಯ ಹೆಸರು ಆಲೂಗಡ್ಡೆ ಎಂದೇ ಆಯಿತು.

ಓಬಯ್ಯನಿಗೆ ಇದು ತಿಳಿದು, ಅಷ್ಟು ದಿನದಲ್ಲಿ ಮೊದಲ ಸಲ ಬಾಯಿತುಂಬ ನಕ್ಕ. "ಡಾಕ್ಟ್ರಮ್ಮ ಆಲೂಗಡ್ಡೆ ಮುಟ್ಟಬ್ಯಾಡ ಅಂದವ್ಳೆ, ನೀನು ದಿನಾ ಅದನ್ನೇ ತರ್ತೀಯಲ್ಲೇ ರುದ್ರಿ. ನನ್ನ ಬೇಗ ಕಳಿಸಬೇಕು ಅಂತ ಮಾಡೀಯಾ?"

ಬೇಯಿಸಲು ಕಲಿಸಿದವಳು ಪಕ್ಕದ ಮನೆಯ ಗೀತಮ್ಮ. ಮೊಳಕಾಲ್ಮೂರಿನ ನೇಕಾರರ ಮನೆಯ ಹೆಣ್ಣು. "ಮೊಟ್ಟೆ ಅನ್ನೋಕೆ ಬಾಯಿ ಬರದಿದ್ರೆ ಗುಡ್ಡು ಅನ್ನು. ನಮ್ಮ ಕಡೆ ತೆಲುಗಿನೋರು ಹಂಗೇ ಅಂತಾರೆ" ಎಂದಳು. "ಆ ಮಾತು ನಮ್ಮ ಹಟ್ಟೀಲೂ ಎಲ್ರಿಗೂ ಗೊತ್ತವ್ವ" ಎಂದು ತಿಪ್ಪೇರುದ್ರಮ್ಮ ನಿಟ್ಟುಸಿರು ಬಿಟ್ಟಾಗ ಗೀತಮ್ಮ ನಗದೆ ಒಳಗೆ ಹೋಗಿ, ತನ್ನ ಮನೆಯ ಒಂದು ಸಿಲ್ವರ್ ಪಾತ್ರೆ ತಂದಿಟ್ಟಳು. "ಇದು ನಮ್ಮದು, ಇಲ್ಲೇ ಇರ್ಲಿ. ನಿನ್ನ ಪಾತ್ರೆಗೆ ಮೈಲಿಗೆ ಬ್ಯಾಡ."

ಹಿತ್ತಲಿನಲ್ಲಿ ಇಟ್ಟಿಗೆ ಜೋಡಿಸಿದ ಒಲೆ. ತಣ್ಣೀರಿಗೇ ಮೊಟ್ಟೆ ಹಾಕಬೇಕು, ಕುದಿಯುವ ನೀರಿಗೆ ಹಾಕಿದರೆ ಒಡೆಯುತ್ತದೆ. ಬೆಂದ ಮೇಲೆ ಮತ್ತೆ ತಣ್ಣೀರಿಗೆ. ಅಗಲದ ಕಡೆಯಿಂದ ತಟ್ಟಿ ಬಿಡಿಸಿದರೆ ಸಿಪ್ಪೆ ಅಂಗಿ ಕಳಚಿದಂತೆ ಬರುತ್ತದೆ. ಮನೆಯ ಈಳಿಗೆಗೆ ಅದನ್ನು ತಾಗಿಸಲು ತಿಪ್ಪೇರುದ್ರಮ್ಮನಿಗೆ ಮನಸ್ಸಾಗಲಿಲ್ಲ. ಗೀತಮ್ಮ ತವರಿನಿಂದ ತಂದಿದ್ದ ರೇಷ್ಮೆಯ ಎಳೆಯೊಂದನ್ನು ಕೊಟ್ಟಳು. ಎಳೆಯನ್ನು ಮೊಟ್ಟೆಗೆ ಸುತ್ತಿ ಎರಡು ತುದಿ ಎಳೆದರೆ ಸರಿಯಾಗಿ ಎರಡು ಹೋಳು. ಒಳಗೆ ದುಂಡನೆಯ ಹಳದಿ, ಬೇಲಿಮಲ್ಲೆ ನಡುವೆ ಚೆಂಡುಹೂವು ಇಟ್ಟ ಹಾಗೆ. ಅದನ್ನು ತೆಗೆದು ಹಿತ್ತಲಿನ ಕಲ್ಲಿನ ಮೇಲೆ ಇಟ್ಟರೆ, ಎಲ್ಲಿಂದಲೋ ಬರುವ ಬೂದು ಬೆಕ್ಕು ನೆಕ್ಕಿ ತಿನ್ನುತ್ತಿತ್ತು.

ಮೊದಲ ದಿನ ಓಬಯ್ಯ ಹಟ್ಟಿಯ ದಿಕ್ಕಿಗೆ ಕೈಮುಗಿದು, ಕಣ್ಣು ಮುಚ್ಚಿ, ಔಷಧಿ ನುಂಗುವಂತೆ ನುಂಗಿದ. "ಏನೂ ರುಚಿ ಇಲ್ಲ ಬಿಡೇ. ಇದಕ್ಕಾ ಜನ ಸಾಯೋದು?" ಮಾರನೆಯ ದಿನ ಅವಳು ಮೆಣಸು ಕುಟ್ಟಿ ಉದುರಿಸಿದಳು. ಆ ತಿಂಗಳು ಕಳೆಯುವಷ್ಟರಲ್ಲಿ ಅವನು ಇಟ್ಟಿಗೆ ಒಲೆಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, "ಬೆಂತೇನೇ?" ಎಂದು ಕೇಳುವುದಕ್ಕೆ ಶುರುಮಾಡಿದ್ದ. ಬಾಯಿಗೆ ಉಪ್ಪಿಲ್ಲದ, ನೀರಿಲ್ಲದ ದಿನಗಳಲ್ಲಿ ಅವನು ಆಸೆಯಿಂದ ತಿಂದದ್ದೆಂದರೆ ಅದೊಂದೇ. ಬಿಳಿ ಹೋಳನ್ನು ದೊನ್ನೆಯಂತೆ ಹಿಡಿದು ಅದರೊಳಕ್ಕೆ ಮೆಣಸು ತುಂಬಿಕೊಂಡು, ಸಣ್ಣಸಣ್ಣಗೆ ಕಚ್ಚಿ, ಬೇಗ ಮುಗಿಯದ ಹಾಗೆ ತಿನ್ನುತ್ತಿದ್ದ. ಅವಳು ಎದುರಿಗೆ ಕೂತು ನೋಡುತ್ತಿದ್ದಳು. ತಾನು ಮಾತ್ರ ಒಮ್ಮೆಯೂ ಬಾಯಿಗಿಡಲಿಲ್ಲ.

ಅವನ ಅಕ್ಕ ರಂಗಕ್ಕ ಒಂದು ಸಲ ಹಟ್ಟಿಯಿಂದ ನೋಡಲು ಬಂದಳು. ಹಟ್ಟಿಯಲ್ಲಿ ಸೊಸೆಯಂದಿರು ಅವಳ ಎದುರು ಜೋರಾಗಿ ಕೆಮ್ಮುವುದಿಲ್ಲ. ಹಿತ್ತಲಿನ ಇಟ್ಟಿಗೆ, ಸಿಪ್ಪೆಯ ಚೂರು, ಕಲ್ಲಿನ ಮೇಲೆ ಬಾಯಿ ನೆಕ್ಕುತ್ತಿದ್ದ ಬೆಕ್ಕು, ಎಲ್ಲ ಕಂಡಳು. ಕೊಟ್ಟ ನೀರು ಕುಡಿಯಲಿಲ್ಲ.

"ಅಕ್ಕ, ನಿನ್ನ ನಾದಿನಿ ಹಳದಿ ಎಲ್ಲ ಬೆಕ್ಕಿಗೆ ಹಾಕ್ತಾಳೆ, ನನಗೆ ಬರೀ ಸಿಪ್ಪೆ ಪಕ್ಕದ್ದು" ಎಂದು ಓಬಯ್ಯ ನಗೆಯಾಡಿದ. ರಂಗಕ್ಕ ನಗಲಿಲ್ಲ. ತಮ್ಮನ ಊದಿದ ಪಾದವನ್ನು ಬೆರಳಿನಿಂದ ಒತ್ತಿ, ಬಿದ್ದ ಗುಳಿ ತುಂಬುವವರೆಗೆ ನೋಡುತ್ತ ಕೂತಿದ್ದು ಬಸ್ಸಿಗೆ ಹೊರಟುಹೋದಳು.

ಆ ಹಳದಿಯ ಮೇಲೆ ಅವನಿಗೆ ನಿಜವಾಗಿಯೂ ಆಸೆ ಹತ್ತಿತ್ತು. "ಒಂದೇ ಒಂದು ಸಲ ಇಡೀದು ಕೊಡೇ. ಬೆಕ್ಕಿಗಿರೋ ಭಾಗ್ಯ ನನಗಿಲ್ವಾ?"

"ಈ ಸಲದ ರಕ್ತ ಪರೀಕ್ಷೆ ಚೆನ್ನಾಗಿ ಬರ್ಲಿ. ಡಾಕ್ಟ್ರಮ್ಮನ್ನ ಕೇಳಿ ಕೊಡ್ತೀನಿ."

"ಮಾತು ಕೊಟ್ಟೀಯ ಮತ್ತೆ."

"ಕೊಟ್ಟೀನಿ."

ಪರೀಕ್ಷೆಯ ದಿನ ಬರಲೇ ಇಲ್ಲ. ಬೆಳಿಗ್ಗೆ ಮೊಟ್ಟೆ ಬಿಡಿಸಿ ತಂದಾಗ ಓಬಯ್ಯ ಗೋಡೆಯ ಕಡೆ ತಿರುಗಿ ಮಲಗಿದ್ದ. ಅವಳು ಎರಡು ಸಲ ಕರೆದಳು.

ಮಣ್ಣು ಮಾಡಿದ್ದು ಹಟ್ಟಿಯಲ್ಲೇ, ಅವನ ಅಪ್ಪನ ಪಕ್ಕದಲ್ಲಿ. ತಿಥಿ ಮುಗಿಯುವವರೆಗೆ ಅವಳು ಹಟ್ಟಿ ಬಿಟ್ಟು ಕದಲುವಂತಿರಲಿಲ್ಲ. ತಿಥಿಯ ದಿನ ಸಮಾಧಿಯ ಮುಂದೆ ಎಲೆ ಹಾಕಿ, ಸತ್ತವನು ಬದುಕಿದ್ದಾಗ ಏನೇನು ಇಷ್ಟಪಟ್ಟಿದ್ದನೋ ಅದೆಲ್ಲ ಬಡಿಸುತ್ತಾರೆ. ರಾಗಿ ಮುದ್ದೆ, ಹೋಳಿಗೆ, ಬೀಡಿ ಎಲ್ಲ ಎಡೆಗೆಂದು ಗೊತ್ತಾಗಿತ್ತು. ಅವಳು ಕೊಟ್ಟ ಮಾತು ಮಾತ್ರ ಆ ಲೆಕ್ಕದಲ್ಲಿ ಇರಲಿಲ್ಲ.

ಮಗ ಈರೇಶ್ ಹೊಸಪೇಟೆ ಕಡೆ ಜೆಸಿಬಿ ಓಡಿಸುವವನು. ತಿಥಿಯ ದಿನ ಬೆಳಕು ಹರಿಯುವ ಮುಂಚೆಯೇ ಬಾಳೆ ಎಲೆ, ಹೂವು ತರಲು ಚಳ್ಳಕೆರೆಗೆ ಬೈಕು ತೆಗೆದ. ಅಂಗಳದ ತುಂಬ ನೆಂಟರು, ಬಾಗಿಲಲ್ಲೇ ರಂಗಕ್ಕ. ತಿಪ್ಪೇರುದ್ರಮ್ಮ ಅವನ ಹತ್ತಿರ ಹೋಗಿ, "ಲೇ ಈರ, ನಮ್ಮ ಬೀದಿ ಪಾತಣ್ಣನ ಅಂಗಡೀಲಿ ಎರಡು ಆಲೂಗಡ್ಡೆ ತಗಂಬಾ. ಅವ್ವ ಹೇಳಿದ್ಲು ಅನ್ನು. ಅಷ್ಟು ಅಂದ್ರೆ ಸಾಕು" ಎಂದಳು.

"ಎರಡೇ ಯಾಕವ್ವ?"

"ಹೇಳಿದಷ್ಟು ಮಾಡು."

ಹೊತ್ತು ಏರಿತು. ಈರೇಶ್ ಬರುವ ಮೊದಲೇ ಸಿದ್ದಾಪುರದ ಬಸ್ಸು ಇಳಿದು, ಬಂಡೆಗಳ ನಡುವಿನ ದಾರಿಯಲ್ಲಿ ಬೆವರೊರೆಸಿಕೊಳ್ಳುತ್ತ ಒಬ್ಬ ಮನುಷ್ಯ ಬಂದ. ಪಾತಣ್ಣ. ಒಗೆದ ಪಂಚೆ, ಕೈಚೀಲದಲ್ಲಿ ತೆಂಗಿನಕಾಯಿ, ಊದುಬತ್ತಿ, ಒಂದು ಚಿಪ್ಪು ಬಾಳೆಹಣ್ಣು.

"ಬರದೆ ಇರೋಕೆ ಮನಸಾಗ್ಲಿಲ್ಲ ಅಕ್ಕ" ಅಂದ. "ಒಂದಿನ ಬಾಗಿಲು ಹಾಕಿದ್ರೆ ಅಂಗಡಿ ಎಲ್ಲಿಗೂ ಓಡಿಹೋಗಲ್ಲ."

ಹಾಗಾದರೆ ಈರೇಶ್ ಹೋಗಿರುವುದು ಮುಚ್ಚಿದ ಅಂಗಡಿಗೆ ಎಂದು ತಿಪ್ಪೇರುದ್ರಮ್ಮನಿಗೆ ಹೊಳೆಯಿತು. ಪಾತಣ್ಣನ ಕೈಚೀಲದ ಕಡೆ ಒಮ್ಮೆ ನೋಡಿದಳು. ತೆಂಗಿನಕಾಯಿಯ ಕೆಳಗೆ ಪೇಪರಿನ ಪೊಟ್ಟಣವೇನೂ ಇರಲಿಲ್ಲ. ಇಷ್ಟು ದೂರ ಬಂದವನಿಗೆ ಏನನ್ನಲು ಸಾಧ್ಯ? "ಬಾರಣ್ಣ, ನೆಳ್ಳಿಗೆ ಕೂತ್ಕೋ" ಎಂದು ನೀರು ಕೊಟ್ಟಳು.

ಈರೇಶ್ ಬಂದು ಚೀಲ ಸುರಿದ. "ಪಾತಣ್ಣನ ಅಂಗಡಿ ಮುಚ್ಚಿತ್ತವ್ವ. ಬೇರೆ ಕಡೆ ತಂದೆ. ಎರಡು ಯಾರು ಕೊಡ್ತಾರೆ, ಒಂದು ಕೇಜಿ ಕೊಟ್ಟ." ನೆಲದ ಮೇಲೆ ಮಣ್ಣು ಮೆತ್ತಿದ ಆಲೂಗಡ್ಡೆಗಳು ಉರುಳಿದವು. ಒಂದು ಅವಳ ಕಾಲಿಗೆ ತಾಗಿ ನಿಂತಿತು.

ಮಗನದು ಏನು ತಪ್ಪು? ಕೇಳಿದ್ದನ್ನೇ ತಂದಿದ್ದ. ಅವಳು ಸುಮ್ಮನೆ ಕೂತು, ಒಂದೇ ಅಳತೆಯ ಎರಡು ಸಣ್ಣ ಗಡ್ಡೆ ಆರಿಸಿ ತೊಳೆದು ಬೇಯಲು ಇಟ್ಟಳು. ಬೆಂದ ಮೇಲೆ ರೂಢಿಯಂತೆ ತಣ್ಣೀರಿಗೆ ಹಾಕಿದಳು, ಅಗಲದ ಕಡೆಯಿಂದಲೇ ಸುಲಿದಳು, ಮೇಲೆ ಮೆಣಸು ಉದುರಿಸಿದಳು. 'ನಿನಗೆ ಬೇಡ ಅಂದಿದ್ದನ್ನೇ ಇಡ್ತಾ ಇದೀನಿ ನೋಡು, ಇನ್ನು ನಿನ್ನನ್ನ ಯಾವ ಡಾಕ್ಟ್ರಮ್ಮನೂ ಬಯ್ಯಲ್ಲ' ಎಂದುಕೊಂಡಳು. ಅವನಿದ್ದಿದ್ದರೆ ಎಷ್ಟು ನಗುತ್ತಿದ್ದನೋ. ಅವಳಿಗೆ ನಗು ಬರಲಿಲ್ಲ.

ಸಮಾಧಿಯ ಮುಂದೆ ಎಲೆ ಹಾಕಿದರು. ಮುದ್ದೆಯ ಪಕ್ಕ ಅವಳು ಆ ಎರಡನ್ನೂ ಇಟ್ಟು ಹಿಂದಕ್ಕೆ ಸರಿಯುವಾಗ ರಂಗಕ್ಕ ಬಗ್ಗಿ ನೋಡಿದಳು. ಪೊರೆ ಬಂದ ಕಣ್ಣು. ಬೆಳ್ಳಗೆ, ದುಂಡಗೆ ಎರಡು, ಮೇಲೆ ಮೆಣಸು. ರಂಗಕ್ಕನ ಮುಖ ಕಲ್ಲಾಯಿತು. ಅಷ್ಟರಲ್ಲಿ ಹಟ್ಟಿಯ ಯಜಮಾನ ಬೋರಯ್ಯ ಊದುಬತ್ತಿ ಹಿಡಿದು ಎಲೆಯ ಕಡೆಗೇ ಬರುತ್ತಿದ್ದ.

ತಿಪ್ಪೇರುದ್ರಮ್ಮ ಗಾಬರಿಯಿಂದ, "ಅತ್ತಿಗೆ, ಅದು ಆಲೂಗಡ್ಡೆ" ಎಂದು ಪಿಸುಗುಟ್ಟಿದಳು.

"ಹೂನವ್ವ, ಆಲೂಗಡ್ಡೇನೇ" ಎಂದು ರಂಗಕ್ಕ ಅಷ್ಟೇ ಮೆಲ್ಲಗೆ ಹೇಳಿ, ತಟ್ಟೆಯಿಂದ ಅಗಲವಾದ ಒಂದು ಹೋಳಿಗೆ ಎತ್ತಿ ಅವೆರಡರ ಮೇಲೆ ಹೊದಿಸಿದಳು, ಮಗುವಿಗೆ ಕಂಬಳಿ ಹೊದಿಸುವ ಹಾಗೆ. ಅಂಚು ಎಲ್ಲಿಯೂ ಇಣುಕದಂತೆ ಬೆರಳಿನಿಂದ ಒತ್ತಿದಳು. ಬೋರಯ್ಯ ಬಂದ, ಬತ್ತಿ ಬೆಳಗಿದ, ಹೋದ.

ಸಂಜೆ ನೆಂಟರು ಚದುರಿದ ಮೇಲೆ ರಂಗಕ್ಕ ಅವಳ ಪಕ್ಕ ಬಂದು ಕೂತಳು. "ಅವತ್ತು ನಿಮ್ಮನೇಲಿ ನೀರು ಕುಡೀಲಿಲ್ಲ ನಾನು. ಅವನು ನೋಡಿದ" ಅಂದಳು. ಆಮೇಲೆ ಅವಳ ಕಡೆ ಬಾಗಿ, "ಇಡೀದೇ ಇಟ್ಟೆ ತಾನೇ? ಒಳಗಿಂದು ತೆಗೀಲಿಲ್ವಲ್ಲ?"

ತಿಪ್ಪೇರುದ್ರಮ್ಮ ಆ ಮುಖ ನೋಡಿದಳು. ನಿಜ ಹೇಳಿದರೆ ರಂಗಕ್ಕ ಹೊದಿಸಿದ ಹೋಳಿಗೆಗೆ ಅರ್ಥವೇ ಇರುವುದಿಲ್ಲ.

"ಇಲ್ಲ ಅತ್ತಿಗೆ. ಇಡೀದೇ ಇಟ್ಟೆ."

"ಅಷ್ಟು ಸಾಕು ಬಿಡು" ಎಂದು ರಂಗಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಚಳ್ಳಕೆರೆಗೆ ಮರಳಿದ ಮೇಲೆ ಒಂದು ಬೆಳಿಗ್ಗೆ ತಿಪ್ಪೇರುದ್ರಮ್ಮ ಅಂಗಡಿಗೆ ಹೋದಳು. ಅವಳನ್ನು ಕಂಡೊಡನೆ ಪಾತಣ್ಣನ ಕೈ ತಾನಾಗಿ ಹಳೆಯ ಪೇಪರಿನ ಕಡೆ ಹೋಯಿತು, ನೆನಪಾಗಿ ಅರ್ಧಕ್ಕೆ ನಿಂತಿತು.

"ಒಂದು ಮೊಟ್ಟೆ ಕೊಡಣ್ಣ" ಅಂದಳು. ಪಕ್ಕದಲ್ಲಿ ಇಬ್ಬರು ಗಿರಾಕಿಗಳಿದ್ದರು. ಪಾತಣ್ಣ ಪೇಪರು ಬಿಟ್ಟು, ಮೊಟ್ಟೆಯನ್ನು ಹಾಗೆಯೇ ಅವಳ ಅಂಗೈ ಮೇಲೆ ಇಟ್ಟ.

ಬೇಯಿಸಿದಳು, ಸುಲಿದಳು. ರೇಷ್ಮೆ ಎಳೆ ಮೊಳೆಗೆ ತೂಗುತ್ತಿತ್ತು, ಅದನ್ನು ಮುಟ್ಟಲಿಲ್ಲ. ಇಡೀ ಮೊಟ್ಟೆಯನ್ನು ಓಬಯ್ಯನ ತಟ್ಟೆಯಲ್ಲಿಟ್ಟು, ಮೆಣಸು ಉದುರಿಸಿ, ಅವನು ಕುಕ್ಕರುಗಾಲಲ್ಲಿ ಕೂರುತ್ತಿದ್ದ ಜಾಗದ ಎದುರಿಗೆ ಕೂತಳು. ಬಿಸಿ ಆರಿತು. ಬಿಸಿಲು ಗೋಡೆಯಿಂದ ಇಳಿಯಿತು. ಎಡೆಗೊಂದು ದಿನ, ಒಂದು ಜಾಗ ಎಂದಿರುತ್ತದೆ. ಅವೆರಡೂ ಹಟ್ಟಿಯಲ್ಲೇ ಮುಗಿದುಹೋಗಿದ್ದವು.

ಬೂದು ಬೆಕ್ಕು ಬಂದು ಕಲ್ಲಿನ ಹತ್ತಿರ ಕೂಗಿತು. ಅವಳು ಎದ್ದು ತಟ್ಟೆಯನ್ನು ಅದರ ಮುಂದಿಟ್ಟಳು. ಬೆಕ್ಕು ಮೂಸಿ, ಪಂಜದಿಂದ ಉರುಳಿಸಿ, ಒಡೆದು, ರೂಢಿಯಂತೆ ಹಳದಿಯನ್ನು ಮಾತ್ರ ನೆಕ್ಕಿ ತಿಂದು ಗೋಡೆ ಹಾರಿ ಹೋಯಿತು.

ತಟ್ಟೆಯಲ್ಲಿ ಬಿಳೇದು ಹಾಗೇ ಉಳಿದಿತ್ತು.