ಗೋವಿಂದಮ್ಮ ಗಂಡನ ಹೆಸರು ಹೇಳಿದ್ದು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸಾವಿರದ ಒಂಬೈನೂರ ಹದಿನಾರನೇ ಇಸವಿಯಲ್ಲಿ ಬ್ರಿಟಿಷರಿಗೂ ತುರ್ಕಿಯವರಿಗೂ ಸಮುದ್ರದಾಚೆ ಯುದ್ಧವಾದರೆ, ಮೊಳಕಾಲ್ಮೂರಿನ ನೇಕಾರನೊಬ್ಬ ಸೆರೆ ಸೇರಿದ. ಅವನು ಮಾಡಿದ್ದಿಷ್ಟೇ. ಸೀರೆ ಮಾರಲು ಬಳ್ಳಾರಿಗೆ ಹೋದಾಗ, ಬ್ರಿಟಿಷರು ಅಲ್ಲಿ ತಂದಿಟ್ಟಿದ್ದ, ಚಳಿಗೆ ನಡುಗುತ್ತಿದ್ದ ತುರ್ಕಿಯ ಸೆರೆಯಾಳೊಬ್ಬನಿಗೆ ತಾನು ಹೊದ್ದಿದ್ದ ಕಂಬಳಿ ಕೊಟ್ಟ. ಶತ್ರುವಿನ ಕಡೆಯವನೆಂದು ಹಿಡಿದೊಯ್ದು ಚಳ್ಳಕೆರೆಯಲ್ಲಿ ಕೂಡಿಹಾಕಿದರು. ವಿಚಾರಣೆಯಿಲ್ಲ, ಹೆಂಡತಿಗೆ ಮುಖ ತೋರಿಸುವುದೂ ಇಲ್ಲ.

ಜಡ್ಜಿ ಸಾಹೇಬರು ಚಳ್ಳಕೆರೆಗೆ ಬರುತ್ತಾರೆಂದು ಕೇಳಿ ಅವನ ಹೆಂಡತಿ ಗೋವಿಂದಮ್ಮ ಒಬ್ಬಳೇ ಹೊರಟಳು. ಕೇರಿಯ ಗಂಡಸರಿಗೆಲ್ಲ ಅವತ್ತೇ ಮಗ್ಗದ ಕೆಲಸ ಮೈತುಂಬ ಬಂದಿತ್ತು. ಕೋರ್ಟಿನಲ್ಲಿ ಕೈಮುಗಿದು, ಗಂಡನನ್ನು ಬಿಡಿಸಿಕೊಡಿ ಎಂದಳು.

"ಯುದ್ಧಕಾಲದ ಕೈದಿ. ಕೋರ್ಟಿಗೆ ಸೇರಿದ ವಿಷಯವಲ್ಲ," ಎಂದರು ಸರ್ಕಾರಿ ವಕೀಲರು.

"ಅದನ್ನ ಅವನ ಮುಖ ನೋಡಿ ಹೇಳ್ತೀನಿ," ಎಂದರು ಜಡ್ಜಿ. "ನಿಮ್ಮ ಕಾಗದದಲ್ಲಿ ಹೆಸರೇ ಇಲ್ಲ. ಹೆಸರಿಲ್ಲದವನನ್ನ ಹೇಗೆ ಕರೆಸಲಿ? ಏನಮ್ಮಾ, ನಿನ್ನ ಗಂಡನ ಹೆಸರೇನು?"

ಗೋವಿಂದಮ್ಮ ತಲೆ ತಗ್ಗಿಸಿದಳು. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ. ಮದುವೆಯಾದಾಗಿನಿಂದ "ಇಲ್ಲಿ ಬರ್ರಿ" ಎಂದೇ ಸಂಸಾರ ನಡೆಸಿದವಳು.

"ನಮ್ಮ ಮನೇರು, ಸ್ವಾಮಿ."

"ಹೆಸರು ಗೊತ್ತಿಲ್ಲದ ಹೆಂಡತಿ!" ವಕೀಲರು ನಕ್ಕರು. ಜಡ್ಜಿ ನಗಲಿಲ್ಲ. ಲೇಖನಿ ಹಿಡಿದು ಕಾದರು.

ಆಕೆ ಕಣ್ಣು ಮುಚ್ಚಿ ನಾಯಕನಹಟ್ಟಿಯ ತಿಪ್ಪೇಸ್ವಾಮಿಯನ್ನು ನೆನೆದಳು. ಕಡಿಮೆಯಾಗುವುದಿದ್ದರೆ ನನ್ನ ಆಯುಷ್ಯದಲ್ಲಿ ಆಗಲಿ ಎಂದು ಬೇಡಿಕೊಂಡಳು. ಆಮೇಲೆ, ಕೈದಿಗಳನ್ನು ಕೂಡಿಹಾಕಿದ್ದ ಹಿಂದಿನ ಕೋಣೆಯವರೆಗೂ ಕೇಳುವಂತೆ, "ಚಿತ್ತಯ್ಯ!" ಎಂದಳು. ಎಂದವಳೇ ಅತ್ತುಬಿಟ್ಟಳು.

ಚಿತ್ತಯ್ಯನನ್ನು ಕರೆತಂದರು. ಗಡ್ಡ ಬೆಳೆದಿತ್ತು, ಮೈ ಸೊರಗಿತ್ತು.

"ಶತ್ರುವಿಗೆ ಏನು ಕೊಟ್ಟೆ?" ಎಂದರು ಜಡ್ಜಿ.

"ಕಂಬಳಿ, ಸ್ವಾಮಿ. ಚಳಿ ಭಾಳ ಇತ್ತು."

ಬೇರೇನು ಆರೋಪವಿದೆ ಎಂದು ಜಡ್ಜಿ ಕೇಳಿದರು. ವಕೀಲರು ಕಾಗದ ತಿರುವಿದರು, ಮತ್ತೆ ತಿರುವಿದರು.

"ಬಿಟ್ಟುಬಿಡಿ," ಎಂದರು ಜಡ್ಜಿ.

ಹೊರಗೆ ಬೇವಿನ ಮರದಡಿ ಗೋವಿಂದಮ್ಮ ಗಂಡನ ಕಾಲು ಹಿಡಿದುಕೊಂಡಳು. "ತಪ್ಪಾತ್ರಿ. ಅಷ್ಟು ಜನದ ಮುಂದೆ ನಿಮ್ಮ ಹೆಸರು ಹೇಳಿಬಿಟ್ಟೆ."

ಚಿತ್ತಯ್ಯ ಅವಳನ್ನು ಎಬ್ಬಿಸಿದ.

"ಒಳಗೆ ಎಲ್ರೂ ನನ್ನ ದುಶ್ಮನ್ ಅಂತಾನೇ ಕರೀತಿದ್ರು. ಇವತ್ತು ಹೆಸರು ಕೇಳ್ತು. ನಿನ್ನ ಬಾಯಾಗೆ ಯಾವತ್ತೂ ಕೇಳಿರ್ಲಿಲ್ವಲ್ಲ, ಗುರ್ತು ಹತ್ಲಿಲ್ಲ ಕಣೆ. ಸತ್ತ ನಮ್ಮವ್ವನೇ ಕರೆಯಾಕೆ ಬಂದ್ಲು ಅನ್ಕಂಡೆ."