ಮೂಗಿಗೆ ಒಂದಿಂಚು ಮೊದಲು

ನಲವತ್ತೊಂದನೇ ವಯಸ್ಸಿನಲ್ಲಿ ನಾನು ಮತ್ತೆ ಹೊಸಬರ ಬಿಳಿ ಬೆಲ್ಟು ಕಟ್ಟಿಕೊಂಡೆ. ಮೊದಲ ಭಾನುವಾರ ಆ ಬೆಲ್ಟನ್ನು ಚೀಲದ ತಳದಲ್ಲಿ, ಟವೆಲ್ಲಿನ ಕೆಳಗೆ ಬಚ್ಚಿಟ್ಟುಕೊಂಡು ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಹಳೆಯ ವಿದ್ಯಾರ್ಥಿ ಯಾರಾದರೂ ಕಂಡು, ಎಲ್ಲಿಗೆ ಹೊಂಟೀರಿ ಮಲ್ಲಿಕಾ ಮೇಡಂ ಎಂದು ಕೇಳಿದರೆ ಏನು ಹೇಳಲಿ ಎಂದು ಸುಳ್ಳೊಂದನ್ನು ಹುಡುಕುತ್ತಿದ್ದೆ. ಕುಸನೂರಿನಲ್ಲಿ ಹದಿನೆಂಟು ವರ್ಷ ಕರಾಟೆ ಕಲಿಸಿದವಳು ನಾನು, ಮೂರನೇ ದರ್ಜೆಯ ಕಪ್ಪು ಬೆಲ್ಟು. ಮೊಣಕಾಲು ಸವೆದಿದೆ, ಇನ್ನು ಒದೆಯುವುದು ಜಿಗಿಯುವುದು ಸಾಕು ಎಂದು ಡಾಕ್ಟರು ಹೇಳಿದ ದಿನ ಆಟೋದವನ ಜೊತೆ, ಗಂಡನ ಜೊತೆ, ಕೊನೆಗೆ ಸೀಟಿ ಹೊಡೆಯದ ಕುಕ್ಕರಿನ ಜೊತೆಯೂ ಜಗಳವಾಡಿದ್ದೆ.

ಸುಮ್ಮನೆ ಕೂರುವ ಜಾತಿಯವಳಲ್ಲ. ಕಮಲಾಪುರದಲ್ಲಿ ಇಕ್ಬಾಲ್ ಬೇಗಂ ಅನ್ನುವವರು ಜಪಾನಿನದೇ ಇನ್ನೊಂದು ವಿದ್ಯೆ ಐಕಿಡೊ ಕಲಿಸುತ್ತಾರೆ, ಅದರಲ್ಲಿ ಒದೆಯುವುದಿಲ್ಲ ಎಂದು ಯಾರೋ ಹೇಳಿದ್ದರಿಂದ ಬಸ್ಸು ಹತ್ತಿದೆ. ಬೇಗಂ ಆಪಾ ನಿವೃತ್ತ ಪಿ.ಟಿ. ಟೀಚರು; ಅರವತ್ತು ದಾಟಿದವರು, ನನ್ನ ಭುಜಕ್ಕೆ ಬರುತ್ತಿದ್ದರು. ಒಂದು ಕಲ್ಯಾಣ ಮಂಟಪದ ಹಿಂದೆ, ಕುರ್ಚಿ ಪೇರಿಸಿಡುವ ಕೋಣೆಯಲ್ಲಿ ಮ್ಯಾಟು ಹಾಸಿ ಪಾಠ. ಹೊಡೆತವನ್ನು ತಡೆಯಬಾರದು, ಅದು ಹೊರಟ ದಿಕ್ಕಿಗೇ ಅದನ್ನು ಕರೆದೊಯ್ಯಬೇಕು ಎಂದು ಅವರು ವಿವರಿಸಿದರು. ಇದೇನು ಹುಡುಗಾಟ ಎಂದು ನಾನು ಮನಸ್ಸಿನಲ್ಲೇ ಮೂಗು ಮುರಿದೆ. ಅಷ್ಟರಲ್ಲಿ, ಕಪ್ಪಿಗೆ ಒಂದೇ ಮೆಟ್ಟಿಲು ಕೆಳಗಿನ ಕಂದು ಬೆಲ್ಟು ಕಟ್ಟಿದ ಹುಡುಗಿಯೊಬ್ಬಳು ಒಳಗೆ ಬಂದಳು. ನಾನು ಪೇರಿಸಿಟ್ಟ ಕುರ್ಚಿಗಳ ಹಿಂದಕ್ಕೆ ಸರಿದೆ.

ಅವಳು ಶೇವಂತಾ. ಕುಸನೂರಿನಲ್ಲಿ ನನ್ನ ಕೈಕೆಳಗೆ ಕಲಿತ ಹುಡುಗಿಯರಲ್ಲಿ ಎಲ್ಲರಿಗಿಂತ ಚುರುಕಾದವಳು. ನಮ್ಮ ಕರಾಟೆಯಲ್ಲಿ ಒಂದು ಪದ್ಧತಿ ಇದೆ: ಮುಷ್ಟಿ ಎಷ್ಟೇ ರಭಸದಿಂದ ಹೋದರೂ ಎದುರಿನವರ ಮುಖಕ್ಕೆ ಒಂದಿಂಚು ಮೊದಲು ನಿಲ್ಲಬೇಕು. ನಾನು ಕಣ್ಣು ಮುಚ್ಚಿಕೊಂಡು ನಿಲ್ಲಿಸಬಲ್ಲೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆರು ವರ್ಷದ ಹಿಂದೆ, ಬೆಲ್ಟ್ ಪರೀಕ್ಷೆಯ ದಿನ, ಅತಿಥಿಗಳೆಲ್ಲ ಕೂತಿದ್ದಾಗ ಹದಿನೈದರ ಈ ಹುಡುಗಿ ನನ್ನ ರಕ್ಷಣೆ ದಾಟಿ ಎದೆಗೆ ಗುದ್ದಿ, ನಕ್ಕಳು. ಜನ ಚಪ್ಪಾಳೆ ತಟ್ಟಿದರು. ನನ್ನ ಮುಂದಿನ ಗುದ್ದು ಒಂದಿಂಚು ಮೊದಲು ನಿಲ್ಲಲಿಲ್ಲ. ಅವಳ ಮೂಗಿನ ಎಲುಬು ಮುರಿಯಿತು.

ಕೈ ತಪ್ಪಿತು, ಆಟದಲ್ಲಿ ಆಗುವಂಥದ್ದೇ ಎಂದು ಎಲ್ಲರೂ ನನ್ನನ್ನೇ ಸಮಾಧಾನ ಮಾಡಿದರು. ಕೈ ತಪ್ಪಿರಲಿಲ್ಲ. ಅವಳು ಮತ್ತೆ ಕ್ಲಾಸಿಗೆ ಬರಲಿಲ್ಲ. ಅವಳ ಅವ್ವ ರಮಾಬಾಯಿ ಮಗಳನ್ನು ಕರೆದುಕೊಂಡು ತವರಿಗೆ ಹೋದಳು; ಅದು ಕಮಲಾಪುರ ಎಂದು ನನಗೆ ಗೊತ್ತಿರಲಿಲ್ಲ, ಕೇಳಿರಲೂ ಇಲ್ಲ. ನಾನು ಒಂದು ಸಲವೂ ಹೋಗಿ ನೋಡಲಿಲ್ಲ. ನಾಚಿಕೆಗೇಡಿನ ಕೆಲಸ, ಬೇರೆ ಮಾತಿಲ್ಲ.

ಶೇವಂತಾ ಮಾತ್ರ ಏನೂ ಆಗಿಲ್ಲ ಎಂಬಂತೆ ಬಂದು, ನಾನು ಕಟ್ಟಿದ್ದ ಗಂಟು ಐಕಿಡೊದ ರೀತಿಯದಲ್ಲ ಎಂದು ನನ್ನ ಬಿಳಿ ಬೆಲ್ಟನ್ನು ಬಿಚ್ಚಿ ಸರಿಯಾಗಿ ಕಟ್ಟಿಕೊಟ್ಟಳು. ಅವಳ ಮೂಗು ಸ್ವಲ್ಪ ಎಡಕ್ಕೆ ವಾಲಿತ್ತು. ಅದನ್ನು ನೋಡಬಾರದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಐಕಿಡೊದಲ್ಲಿ ಜೋಡಿ ಕಟ್ಟಿ ಅಭ್ಯಾಸ; ಒಬ್ಬರು ಹೊಡೆಯಬೇಕು, ಇನ್ನೊಬ್ಬರು ಆ ಹೊಡೆತವನ್ನು ಹಿಡಿದು ಕೆಡವಬೇಕು. ನಾನು ಗುದ್ದಿದೆ. ಮುಷ್ಟಿ ಬಾಣದಂತೆ ಹೋಗಿ ಶೇವಂತಾಳ ಮೂಗಿಗೆ ಒಂದಿಂಚು ಮೊದಲು ನಿಂತಿತು. ನಿಂತುಬಿಟ್ಟ ಕೈಯನ್ನು ಅವಳು ಎಲ್ಲಿಗೆ ಕರೆದೊಯ್ಯಬೇಕು? ಬೇಗಂ ಆಪಾ ಹತ್ತಿರ ಬಂದು ನನ್ನ ಮಣಿಕಟ್ಟು ಮುಟ್ಟಿ ನೋಡಿದರು. "ಈ ಕೈಯಾಗ ಏನೂ ಇಲ್ಲ ಬೇಟಿ, ಖಾಲಿ ಅದ," ಅಂದರು. ಇದು ಶಿಸ್ತು ಎಂದು ನಾನು ವಾದಿಸಿದೆ. ಅವರು ವಾದ ಮಾಡುವವರಲ್ಲ. ಚಹಾ ಕುಡಿಯಲು ಹೋದರು.

ಹೋಳಿಯ ನಂತರ, ಬಿಳಿ ಬೆಲ್ಟಿನಿಂದ ಮೇಲೇರುವ ಮೊದಲ ಪರೀಕ್ಷೆಯಲ್ಲಿ, ಬಂದ ಹೊಡೆತವನ್ನು ತಡೆದು ಫೇಲಾದೆ. ನಾಗರ ಪಂಚಮಿ ಮುಗಿದ ಮೇಲೆ ಮತ್ತೆ ಫೇಲಾದೆ. ಎರಡೂ ಸಲ ನನ್ನ ಪಕ್ಕದಲ್ಲಿ ಆರನೇ ಕ್ಲಾಸಿನ ಮದಿಹಾ ಪಾಸಾಗಿ ಮೇಲೆ ಮೇಲೆ ಹೋದಳು. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕರೂ ಕೂರಲಾಗದೆ ಕಲಬುರಗಿವರೆಗೂ ನಿಂತೇ ಬಂದೆ.

ಆಮೇಲೆ ಬಂದದ್ದು ದೊಡ್ಡ ಸಂಕಟ. ಬೇಗಂ ಆಪಾ ಹೈದರಾಬಾದಿಗೆ, ಮಗಳ ಮನೆಗೆ ಹೋಗುವವರಿದ್ದರು. ಕ್ಲಾಸು ಶೇವಂತಾಳ ಕೈಗೆ ಬರಬೇಕಾದರೆ ಅವಳಿಗೆ ಕಪ್ಪು ಬೆಲ್ಟು ಬೇಕು. ಪರೀಕ್ಷಕರು ಹೈದರಾಬಾದಿನಿಂದ ದಸರೆ ಮುಗಿದ ಭಾನುವಾರ ಬರುತ್ತಾರೆ; ಆವತ್ತು ಅವಳು ಫೇಲಾದರೆ ಕ್ಲಾಸಿಗೆ ಬೀಗ. ಅವಳ ಅಭ್ಯಾಸದ ಜೋಡಿಯಾಗಿದ್ದ ಕಾಮ್ರಾನ್‌ಗೆ ಬೀದರಿನಲ್ಲಿ ಕೆಲಸ ಸಿಕ್ಕಿ, ಅವನು ಹೋಗಿಬಿಟ್ಟಿದ್ದ. ಉಳಿದವರೆಲ್ಲ ಶಾಲೆಯ ಮಕ್ಕಳು. ಅವಳ ಮೇಲೆ ಬಿದ್ದು ಹೊಡೆಯಬಲ್ಲ ಆಳು ಎಂದರೆ ನಾನೊಬ್ಬಳೇ. ನನ್ನ ಕೈ ನಿಂತರೆ ಅವಳ ಪರೀಕ್ಷೆಯೂ ಅಲ್ಲೇ ನಿಂತಂತೆ.

ಮೂರು ವಾರ ನಾನು ಮನುಷ್ಯಳಾಗಿರಲಿಲ್ಲ. ಬಾಗಿಲ ಪರದೆಗೆ ಗುದ್ದಿದೆ, ಒಣಗಲು ಹಾಕಿದ ಬೆಡ್‌ಶೀಟಿಗೆ ಗುದ್ದಿದೆ. ಬಟ್ಟೆಗೂ ಒಂದಿಂಚು ಮೊದಲೇ ಕೈ ನಿಂತಿತು. ಶರಣಬಸವೇಶ್ವರ ಗುಡಿಗೆ ಹೋದವಳು ಸಾಲಿನಲ್ಲಿ ನಿಲ್ಲಲಾಗದೆ ದರ್ಶನವಿಲ್ಲದೆ ಹೊರಬಂದೆ. ಚಪ್ಪಲಿ ಕಾಯುವ ಶಂಕ್ರಮ್ಮ, ಇಷ್ಟು ಲಗೂನ ಆಯ್ತೇನ್ರಿ ಎಂದು ಕೇಳಿದರೆ ಅವಳ ಮೇಲೂ ಹರಿಹಾಯ್ದೆ. ಮನೆಯಲ್ಲಿ ಗಂಡ ನನ್ನ ಎದುರು ಬಾರದೆ ಹಿತ್ತಲ ಬಾಗಿಲಿನಿಂದ ಓಡಾಡತೊಡಗಿದರು.

ಪರೀಕ್ಷೆಗೆ ಒಂದು ವಾರ ಮೊದಲು ಬೇಗಂ ಆಪಾ ನನ್ನನ್ನು ಮ್ಯಾಟಿನ ಮೇಲೆ ಹತ್ತಗೊಡಲಿಲ್ಲ. ರಮಾಬಾಯಿ ಕೆಲಸ ಮಾಡುವ ಬಾಳೆ ತೋಟಕ್ಕೆ ಹೋಗಿ ಅವಳ ಹತ್ತಿರ ಗೊನೆ ಹಿಡಿಯುವುದನ್ನು ಕಲಿತು ಬಾ ಅಂದರು. ಯಾರನ್ನು ತಪ್ಪಿಸಿಕೊಂಡು ಓಡಾಡುತ್ತಿದ್ದೆನೋ ಅವಳ ಮುಂದೆಯೇ ಹೋಗಿ ನಿಂತೆ. ಕಮಲಾಪುರದ ಕೆಂಪು ಬಾಳೆ ಸೂಕ್ಷ್ಮ; ಕೊಯ್ದ ಗೊನೆ ನೆಲ ಮುಟ್ಟಬಾರದು. ಒಬ್ಬರು ಕುಡಗೋಲಿನಿಂದ ಕಡಿಯುತ್ತಾರೆ, ಇನ್ನೊಬ್ಬರು ಕೆಳಗೆ ನಿಂತು ಹೆಗಲಿಗೆ ತೆಗೆದುಕೊಳ್ಳುತ್ತಾರೆ.

ರಮಾಬಾಯಿ ನನ್ನ ಹೆಗಲಿಗೆ ಗೋಣಿ ತಟ್ಟು ಹಾಕಿದಳು. ಮೊದಲ ಗೊನೆಗೆ ನಾನು ಕಂಬದಂತೆ ಸೆಟೆದು ನಿಂತೆ. ಕುತ್ತಿಗೆಯಿಂದ ಸೊಂಟದವರೆಗೆ ಝಲ್ಲೆಂದಿತು, ಒಂದು ಚಿಪ್ಪು ಜಜ್ಜಿಹೋಯಿತು. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ಅವಳು ನನ್ನ ಮೊಣಕಾಲಿನ ಹಿಂದೆ ತಟ್ಟಿ, ಭಾರದ ಜೊತೆಗೇ ಇಳಿಯಲು ಹೇಳಿದಳು. ಇಳಿದೆ. ಗೊನೆ ಸದ್ದಿಲ್ಲದೆ ಹೆಗಲ ಮೇಲೆ ಕೂತಿತು, ಹಾಳಾದ ಮೊಣಕಾಲು ನೋಯಲಿಲ್ಲ.

ನನಗಾದ ಸಂತೋಷ ನೋಡಿ ಅವಳು ಕುಡಗೋಲು ಕೆಳಗಿಟ್ಟಳು.

"ಮೇಡಂ, ಒಂದ್ ಮಾತ ಹೇಳ್ತೀನ್ರಿ, ಸಿಟ್ಟ ಮಾಡ್ಕೋಬ್ಯಾಡ್ರಿ. ನಾ ಕ್ಲಾಸಿನ ಕಿಟಕ್ಯಾಗ ನಿಂತು ನೋಡ್ತಿರ್ತೀನಿ. ಬ್ಯಾರೆದವ್ರು ಹೊಡದ್ರ ನನ್ನ ಮಗಳು ಕಣ್ಣ ಮುಚ್ಚಂಗಿಲ್ಲ. ನೀವು ಮೂಗಿನ ಮುಂದ ಕೈ ತಂದು ನಿಲ್ಲಿಸಿದಾಗೊಮ್ಮೆ ಮುಚ್ತಾಳ."

 ಇಷ್ಟು ದಿನ ಆ ಒಂದಿಂಚು ನಾನು ಶೇವಂತಾಳಲ್ಲಿ ಕೇಳುತ್ತಿದ್ದ ಕ್ಷಮೆ ಎಂದುಕೊಂಡಿದ್ದೆ. ಅವಳಿಗೆ ಅದು ಪ್ರತಿ ಭಾನುವಾರ ಹತ್ತಾರು ಸಲ ಅದೇ ಹಳೆಯ ಹೊಡೆತವಾಗಿತ್ತು. ನನ್ನ ಕಣ್ಣು ನನ್ನ ಮುಷ್ಟಿಯ ಮೇಲೆ, ಹೆಚ್ಚೆಂದರೆ ಅವಳ ಮೂಗಿನ ಮೇಲೆ. ಅವಳ ಕಣ್ಣನ್ನು ನಾನು ನೋಡಿಯೇ ಇರಲಿಲ್ಲ.

"ಅವತ್ತು ಕೈ ತಪ್ಪಿದ್ದಲ್ರಿ ರಮಾಬಾಯಿ," ಎಂದೆ. "ಸಿಟ್ಟಿನಾಗ ಹೊಡ್ದಿದ್ದೆ."

"ನನಗ್ಯಾಕ ಹೇಳ್ತೀರಿ," ಎಂದು ಅವಳು ಮುಂದಿನ ಗಿಡಕ್ಕೆ ಹೋದಳು.

ಪರೀಕ್ಷೆಯ ದಿನ ಕುರ್ಚಿಗಳನ್ನು ಹೊರಗಿಟ್ಟು ಮ್ಯಾಟನ್ನು ಗೋಡೆಯವರೆಗೂ ಹಾಸಿದ್ದರು. ಪರೀಕ್ಷಕರು ತೆಳ್ಳಗಿನ, ನಗದ ಮನುಷ್ಯ. ರಮಾಬಾಯಿ ಕಿಟಕಿಯ ಹೊರಗೆ ನಿಂತಿದ್ದಳು. ಬಸ್ಸಿನಲ್ಲಿ ಬರುತ್ತಾ ಶೇವಂತಾಳಿಗೆ ಹೇಳಬೇಕಾದ್ದನ್ನೆಲ್ಲ ಜೋಡಿಸಿಕೊಂಡಿದ್ದೆ. ಅವಳು ಎದುರು ಬಂದಾಗ ನಾಷ್ಟಾ ಆಯಿತೇ ಎಂದು ಕೇಳಿ ಅಷ್ಟಕ್ಕೇ ಬಿಟ್ಟೆ, ಹೇಡಿಯ ಹಾಗೆ.

ಇಬ್ಬರೂ ಬಾಗಿ ವಂದಿಸಿದೆವು. ಮುಖಕ್ಕೆ ಗುದ್ದು ಎಂದು ಪರೀಕ್ಷಕರು ಸೂಚಿಸಿದರು. ಗುದ್ದಿದೆ. ಕೈ ಒಂದಿಂಚು ಮೊದಲು ನಿಂತಿತು, ಶೇವಂತಾಳ ರೆಪ್ಪೆಗಳು ಗಟ್ಟಿಯಾಗಿ ಮುಚ್ಚಿಕೊಂಡವು. ಆವತ್ತು ಮೊದಲ ಸಲ ನಾನದನ್ನು ಕಂಡೆ. ಪರೀಕ್ಷಕರು ಹಾಳೆಯ ಮೇಲೆ ಏನೋ ಬರೆದುಕೊಂಡು, ಮತ್ತೊಮ್ಮೆ ಅಂದರು.

ನಾನು ಕೈ ಹಿಂದಕ್ಕೆ ತೆಗೆಯಲಿಲ್ಲ. ಅವಳಿಗಷ್ಟೇ ಕೇಳುವಂತೆ ಹೇಳಿದೆ, "ಶೇವಂತಾ, ಅವತ್ತು ನಾ ಬೇಕಂತನ ಹೊಡ್ದಿದ್ದೆ. ತಪ್ಪಾಯ್ತು."

ಅವಳು ಕಣ್ಣು ತೆರೆದಳು.

"ಗೊತ್ತದ್ರಿ ಮೇಡಂ. ಇವತ್ತೂ ಬೇಕಂತನ ಹೊಡೀರಿ."

ಹಿಂದೆ ಸರಿದು ನಿಂತೆ. ಈ ಸಲ ಮುಷ್ಟಿಯನ್ನು ನೋಡಲಿಲ್ಲ, ತೆರೆದೇ ಇದ್ದ ಆ ಎರಡು ಕಣ್ಣು ನೋಡುತ್ತಾ ಮೈಯ ಭಾರವನ್ನೆಲ್ಲ ಹಾಕಿ ಹೊಡೆದೆ. ಮೂಗು ಇದ್ದ ಜಾಗವನ್ನು ಕೈ ದಾಟಿತು. ಮೂಗು ಅಲ್ಲಿರಲಿಲ್ಲ. ಮಣಿಕಟ್ಟಿನ ಮೇಲೆ ಅವಳ ಬೆರಳು ಕೂತದ್ದು ತಿಳಿಯಿತು, ಆಮೇಲೆ ನೆಲ ನನ್ನ ಕಡೆಗೆ ಬಂತು. ಗೊನೆಯ ಕೆಳಗೆ ಇಳಿದ ಹಾಗೆ ಇಳಿದೆ, ಹೆಗಲ ಮೇಲೆ ಉರುಳಿದೆ, ಎದ್ದೆ, ಮತ್ತೆ ಹೊಡೆದೆ. ಅವಳು ಮತ್ತೆ ಕೆಡವಿದಳು. ಎಷ್ಟು ಸಲ ಬಿದ್ದೆನೋ ಲೆಕ್ಕವಿಲ್ಲ. ಒಂದು ಸಲವೂ ಅವಳು ಕಣ್ಣು ಮುಚ್ಚಲಿಲ್ಲ. ನನಗೆ ಖುಷಿಯಾಗುತ್ತಿತ್ತು, ಅಳುವೂ ಬರುತ್ತಿತ್ತು. ಬೆವರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡಿದ್ದೇನೆ.

ಶೇವಂತಾ ಪಾಸಾದಳು. ಬೇಗಂ ಆಪಾ ತಮ್ಮ ಸವೆದ ಕಪ್ಪು ಬೆಲ್ಟನ್ನೇ ಬಿಚ್ಚಿ ಅವಳ ನಡುವಿಗೆ ಕಟ್ಟಿದರು. ರಮಾಬಾಯಿ ಒಳಗೆ ಬಂದು ಎಲ್ಲರ ಕೈಗೂ ಒಂದೊಂದು ಕೆಂಪು ಬಾಳೆಹಣ್ಣು ಕೊಟ್ಟಳು, ನನಗೂ ಕೊಟ್ಟಳು.

ಮಧ್ಯಾಹ್ನ ನನ್ನ ಪರೀಕ್ಷೆ. ಈಗ ಶೇವಂತಾ ಹೊಡೆಯಬೇಕು, ನಾನು ಆ ಹೊಡೆತವನ್ನು ಕರೆದೊಯ್ಯಬೇಕು. ಅವಳ ಕೈ ಬಂದದ್ದೇ ತಡ, ನನ್ನ ಮುಂಗೈ ಕುಸನೂರಿನ ಹದಿನೆಂಟು ವರ್ಷದ ಅಭ್ಯಾಸದಂತೆ ಮೇಲೆದ್ದು ಅದನ್ನು ಟಪ್ಪೆಂದು ತಡೆಯಿತು. ಮಕ್ಕಳು ಬಾಯಿ ಮುಚ್ಚಿಕೊಂಡು ನಕ್ಕರು, ಮದಿಹಾ ಎಲ್ಲರಿಗಿಂತ ಜೋರಾಗಿ. ಪರೀಕ್ಷಕರು ಹಾಳೆ ಮಡಚಿದರು. ಮೂರನೇ ಸಲ ಫೇಲು.

ಶೇವಂತಾ ಕೈ ಉಜ್ಜಿಕೊಳ್ಳುತ್ತಾ ಹತ್ತಿರ ಬಂದಳು. ಕಪ್ಪು ಬೆಲ್ಟಿನ ಗಂಟು ಇನ್ನೂ ಅವಳಿಗೆ ಒಗ್ಗಿರಲಿಲ್ಲ, ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

"ಮುಂದಿನ ಐತವಾರ ಅರ್ಧ ತಾಸ ಮೊದ್ಲ ಬರ್ರಿ," ಅಂದಳು. "ನಿಮಗ ಇನ್ನೂ ಭಾಳ ಕಲಸೋದದ."

ಚೀಲ ಹೆಗಲಿಗೆ ಹಾಕಿಕೊಂಡವಳು ಅದನ್ನು ಕೆಳಗಿಟ್ಟು ನೇರವಾಗಿ ನಿಂತೆ. ಕುಸನೂರಿನಲ್ಲಿ ಹುಡುಗಿಯರು ನನ್ನ ಮುಂದೆ ಬಾಗುತ್ತಿದ್ದಷ್ಟೇ ಅವಳ ಮುಂದೆ ಬಾಗಿದೆ.

"ಬರ್ತೀನ್ರಿ, ಮೇಡಂ," ಎಂದೆ.