ಜಗಲಿಯ ಮೇಲಿನ ಚೀಟಿ

ಪ್ರಿಂಟರು ನಾಲ್ಕನೆಯ ಸಲವೂ ಬಿಳಿ ಚೀಟಿಯನ್ನೇ ಉಗುಳಿದಾಗ ಸುರೇಖಾ ಗಡಿಯಾರದ ಕಡೆ ನೋಡಿದಳು. ಅವಳು ಕಂಪ್ಯೂಟರ್ ನೋಡಿಕೊಳ್ಳುವ ರಾಣೆಬೆನ್ನೂರಿನ ಬೀಜದ ಗೋದಾಮಿನ ಹೊರಗೆ ಕುಪ್ಪೇಲೂರಿನ ಹತ್ತಿಬೀಜದ ಮೂವತ್ತೆರಡು ಚೀಲಗಳು ಲಾರಿಗಾಗಿ ಕಾದಿದ್ದವು. ವಿವರದ ಚೀಟಿ ಕಟ್ಟದ ಚೀಲವನ್ನು ಬೀಜದ ಕಂಪನಿ ಮುಟ್ಟುವುದಿಲ್ಲ, ಇವತ್ತೇ ಕೊನೆಯ ದಿನ. ಲಾರಿ ತಪ್ಪಿದರೆ ಊರಿನ ಹೆಂಗಸರು ಮೂರು ತಿಂಗಳು ಹೂವಿಗೆ ಹೂ ಮುಟ್ಟಿಸಿ ಮಾಡಿದ ಕ್ರಾಸಿಂಗ್ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಆ ಹೆಂಗಸರಲ್ಲಿ ಅವಳ ಅವ್ವ ಪ್ರೇಮವ್ವನೂ ಒಬ್ಬಳು.

ತಪ್ಪು ಬೇರೆ ಯಾರದೂ ಅಲ್ಲ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಂದು ಮೂರೂ ಗೋದಾಮುಗಳ ಕಂಪ್ಯೂಟರುಗಳಿಗೆ ಒಂದೊಂದಾಗಿ ತಂತ್ರಾಂಶದ ಸಿ.ಡಿ. ಹಾಕಿ ಬೇಸತ್ತ ಸುರೇಖಾ, ಆ ಕೆಲಸವನ್ನೆಲ್ಲ ತಾನೇ ಮಾಡಿಕೊಳ್ಳುವ ಆಜ್ಞೆಗಳ ಪಟ್ಟಿ, ಸ್ಕ್ರಿಪ್ಟ್ ಒಂದನ್ನು ಬರೆದು, ಇನ್ನು ಬೇಡವೆಂದು ಸಿ.ಡಿ.ಗಳನ್ನು ಎಸೆದಿದ್ದಳು. ಆವತ್ತು ಹೆಮ್ಮೆಗೆ ಅವಳ ಕಾಲು ನೆಲದ ಮೇಲಿರಲಿಲ್ಲ. ಚೀಟಿ ಮುದ್ರಿಸುವ ತಂತ್ರಾಂಶದ ಯಾವ ಆವೃತ್ತಿ ಬೇಕೆಂದು ಅಂಕಿ ಬರೆಯುವ ಕಡೆ, ಹೊಸದು ಯಾವುದಿದ್ದರೂ ತಾ, ಹಳೆಯದನ್ನು ಅಳಿಸು ಎಂದುಬಿಟ್ಟಿದ್ದಳು. ಈ ಬೆಳಿಗ್ಗೆ ಸ್ಕ್ರಿಪ್ಟ್ ಮೂರೂ ಕಡೆ ಹೇಳಿದ ಮಾತು ಕೇಳಿತು. ಹೊಸದಕ್ಕೂ ಚೀಟಿಯ ವಿವರಗಳಿದ್ದ ಕಂಪನಿಯ ಹಳೇ ಕಡತಕ್ಕೂ ಎಣ್ಣೆ ಸೀಗೆಕಾಯಿ, ಅದಕ್ಕೇ ಚೀಟಿ ಖಾಲಿ.

ತಯಾರಕರ ವೆಬ್‌ಸೈಟಿನಲ್ಲಿ ಹಳೆಯ ಆವೃತ್ತಿಗಳು ಹದಿಮೂರಿದ್ದವು. ಯಾವುದು ಯಾವುದಕ್ಕೆ ಹೊಂದುತ್ತದೆಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ಗೋದಾಮಿನ ಫೋನ್ ಲೈನಿನಲ್ಲಿ ಒಂದನ್ನು ಇಳಿಸಿಕೊಳ್ಳಲು ಎರಡು ತಾಸು ಬೇಕು, ಗಡಿಯಾರದಲ್ಲಿ ಆಗಲೇ ಎರಡೂವರೆ. ವ್ಯವಸ್ಥಾಪಕ ಶಶಿಕಾಂತ ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು.

"ಐದಕ್ಕ ಲಾರಿ ಬಿಡ್ತೈತಿ. ಒಂದ ಸಲ ಇಳಿಸಾಕ ಟೈಮ್ ಐತಿ, ನೋಡ್ರಿ," ಎಂದಷ್ಟೇ ಅಂದ.

ಪ್ರತಿ ಚೀಟಿಯ ಅಡಿಯಲ್ಲೂ ಇರುವೆಯಷ್ಟು ಸಣ್ಣದಾಗಿ ತಂತ್ರಾಂಶದ ಆವೃತ್ತಿ ಅಚ್ಚಾಗುತ್ತಿತ್ತು. ಆದರೆ ಹಳೇ ಚೀಟಿಗಳೆಲ್ಲ ಚೀಲಗಳ ಜೊತೆ ಹೋಗಿಬಿಟ್ಟಿದ್ದವು. ಒಂದನ್ನು ಬಿಟ್ಟು. ಕೆಲಸದ ಮೊದಲ ದಿನ ಮೂಲೆ ಹರಿದ ಚೀಟಿಯೊಂದನ್ನು ಅವಳು ಮನೆಗೆ ಒಯ್ದಿದ್ದಳು. ಮಗಳು ಅಚ್ಚು ಹಾಕಿದ್ದೆಂದು ಅವ್ವ ಅದನ್ನು ಮನೆಯೊಳಗಿನ ಜಗಲಿಯ ಮೇಲೆ ದೇವರ ಪಕ್ಕದಲ್ಲಿಟ್ಟು ಕುಂಕುಮ ಹಚ್ಚಿದ್ದಳು. ಕಂಪನಿಯ ಕಡತ ಆವತ್ತಿನಿಂದ ಬದಲಾಗಿರಲಿಲ್ಲ.

ಸುರೇಖಾ ಮನೆಗೆ ಫೋನು ಹಚ್ಚಿ, ಚೀಟಿಯ ಅಡಿಯ ಅಂಕಿ ಓದಲು ಅವ್ವನಿಗೆ ಹೇಳಿದಳು. ಪ್ರೇಮವ್ವನಿಗೆ ಅಕ್ಷರ ಬಾರದು, ಮೊಬೈಲಿನ ದೆಸೆಯಿಂದ ಅಂಕಿ ಬರುತ್ತಿದ್ದವು.

"ಎರಡು. ಚುಕ್ಕಿ. ನಡುವಿನ ಅಂಕಿ ಮ್ಯಾಲ ಕುಂಕುಮ ಕುಂತೈತಿ. ವರಸಲೇನು?"

ಮೆಲ್ಲಗೆ ಒರೆಸಲು ಹೇಳಿ ಸುರೇಖಾ ಪೆನ್ನು ಎತ್ತಿಕೊಂಡಳು. ಆ ಕಡೆ ಬಳೆಗಳ ಸದ್ದಾಯಿತು.

"ಆರು. ಮತ್ತ ಚುಕ್ಕಿ. ಒಂಬತ್ತು."

ಇನ್ನೆರಡು ಸಲ ಓದಿಸಿ, ಆ ಆವೃತ್ತಿಯನ್ನು ಇಳಿಸಲು ಹಚ್ಚಿ, ನಡೆದದ್ದನ್ನೆಲ್ಲ ಸುರೇಖಾ ಅವ್ವನಿಗೆ ಹೇಳಿದಳು. ಪ್ರೇಮವ್ವ ತನ್ನ ಹೊಲದ ಮಾತು ತೆಗೆದಳು.

"ಮುಟ್ಟಿಸಿದ ಹೂವಿಗೆ ಆಗಿಂದಾಗ ದಾರ ಕಟ್ಟದಿದ್ರ, ಮುಂದ ಯಾವ ಕಾಯಿ ನಮ್ಮದು ಅಂತ ಹೆಂಗ ಗೊತ್ತಾಕ್ಕೈತಿ? ಇದೂ ಹಂಗ ಏನವಾ?"

"ಹಂಗ ಅವ್ವ. ನಾ ದಾರ ಕಟ್ಟೋದ ಮರತೆ."

ನಾಲ್ಕೂ ಮುಕ್ಕಾಲಿಗೆ ಪ್ರಿಂಟರು ನರಳಿತು. ಅಕ್ಷರ ತುಂಬಿದ ಚೀಟಿ ಹೊರಬಂತು. ಶಶಿಕಾಂತ ತಾನೇ ಸುತಳಿ ಹಿಡಿದು ಚೀಲಗಳ ಕಡೆ ಓಡಿದ. ಲಾರಿ ಹೊರಟ ಮೇಲೆ ಸುರೇಖಾ ಸ್ಕ್ರಿಪ್ಟಿನಲ್ಲಿ ಹೊಸದು ತಾ ಎಂದಿದ್ದನ್ನು ಅಳಿಸಿ, 2.6.9 ಎಂದು ಬರೆದಳು. ಆಗಲೇ ಅವ್ವನ ಫೋನು ಬಂತು.

"ಚೀಟಿ ಪೆಟ್ಟಿಗ್ಯಾಗ ತಗದ ಇಡ್ಲೇನವಾ?"

"ಬ್ಯಾಡ, ಜಗಲಿ ಮ್ಯಾಲ ಇರಲಿ," ಎಂದಳು ಸುರೇಖಾ. "ಕುಂಕುಮಾನೂ ಹಚ್ಚು. ಅಂಕಿ ಬಿಟ್ಟು ಹಚ್ಚು."